ಎಡಗೈಗೆ ಸಿಕ್ಕ ಕೆಲಸ

1894ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ಫ್ರಾನ್ಸಿಸ್ ಬ್ಯಾನರ್‌ಮನ್ ದೊಡ್ಡ ಕೋವಿ ಕಂಪನಿಯಾದ ವಿಂಚೆಸ್ಟರ್ ಮೇಲೆ ದಾವೆ ಹೂಡಿದ. ಸೈನ್ಯಕ್ಕೆ ಬೇಡವಾದ ಕತ್ತಿ, ಕೋವಿ, ಜೀನು, ಸಮವಸ್ತ್ರಗಳನ್ನು ರಾಶಿಗಟ್ಟಲೆ ಕೊಂಡು ಮಾರುವುದು ಅವನ ಕಸುಬು. ತಕರಾರು ಎದ್ದಿದ್ದು ಒಂದು ಸಣ್ಣ ಚಲನೆಯ ಬಗ್ಗೆ. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಸುಟ್ಟ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ಈ ಏರ್ಪಾಟಿನ ಪೇಟೆಂಟ್ ನನ್ನದು, ವಿಂಚೆಸ್ಟರಿನವರು ಅದನ್ನು ನುಂಗಿಹಾಕಿದ್ದಾರೆ ಎಂಬುದು ಅವನ ವಾದ.

ವಿಂಚೆಸ್ಟರಿನವರು ಉತ್ತರ ಹುಡುಕಿಕೊಂಡು ಸಮುದ್ರ ದಾಟಿದರು. ಇಂಗ್ಲೆಂಡ್, ಫ್ರಾನ್ಸ್‌ಗಳ ಪೇಟೆಂಟ್ ಕಡತಗಳನ್ನು ಜಾಲಾಡಿದಾಗ ನಾಲ್ಕು ಹಳೆಯ ದಾಖಲೆಗಳು ಸಿಕ್ಕವು. ಒಂದು 1854ರದು, ಅಲೆಕ್ಸಾಂಡರ್ ಬೇನ್ ಹೆಸರಿನಲ್ಲಿ. ಎರಡು 1866ರವು, ಜೋಸೆಫ್ ಕರ್ಟಿಸ್ ಮತ್ತು ವಿಲಿಯಂ ಕ್ರುಟ್ಶ್ ಎಂಬವರವು. ನಾಲ್ಕನೆಯದು 1880ರ ಫ್ರೆಂಚ್ ಪೇಟೆಂಟ್. ಕೈಹಿಡಿಯನ್ನು ಹಿಂದೆ ಮುಂದೆ ಜಾರಿಸುವ ಯುಕ್ತಿ ಆ ನಾಲ್ಕರಲ್ಲೂ ಇತ್ತು. ಅಲ್ಲಿಗೇ ಬಿಡದೆ, ಕರ್ಟಿಸ್ ಬರೆದಿಟ್ಟ ನಕ್ಷೆ ಹಿಡಿದುಕೊಂಡು ವಿಂಚೆಸ್ಟರಿನ ಥಾಮಸ್ ಗ್ರೇ ಬೆನೆಟ್ ಮತ್ತು ವಿಲಿಯಂ ಮೇಸನ್ ನಿಜವಾದ ಕೋವಿಯನ್ನೇ ಮಾಡಿಸಿದರು. ಸುಮಾರು ಮೂವತ್ತು ವರ್ಷ ಬರೀ ಗೆರೆಗಳಾಗಿ ಮಲಗಿದ್ದ ಕೋವಿ ಮೊದಲ ಸಲ ಉಕ್ಕಾಗಿ ಎದ್ದದ್ದು ಕೋರ್ಟಿನಲ್ಲಿ ಸಾಕ್ಷಿ ಹೇಳಲು. 1897ರಲ್ಲಿ ನ್ಯಾಯಾಧೀಶರು ಬ್ಯಾನರ್‌ಮನ್‌ನ ದಾವೆಯನ್ನು ವಜಾ ಮಾಡಿದರು.

ಹಾಗಾದರೆ ಎಳೆದು ತಳ್ಳುವ ಈ ಪಂಪ್ ಕೋವಿಯನ್ನು ಕಂಡುಹಿಡಿದವರು ಯಾರು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಕಡತದಲ್ಲಿ ಮೊದಲು ಬರೆದವನೇ? ಮೊದಲು ಮಾಡಿ ಮಾರಿದವನೇ? ಲಕ್ಷಾಂತರ ಕೈಗಳಿಗೆ ತಲುಪಿಸಿದವನೇ? ಹುಡುಕುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಯುಕ್ತಿ ಒಬ್ಬನ ತಲೆಯಲ್ಲಿ ಮೊಳೆಯುತ್ತದೆ, ಆದರೆ ಅದು ಬೇರುಬಿಡುವುದು ಕೈಗೆ ಒಗ್ಗಿದಾಗ.

ಮಲೆನಾಡಿನಲ್ಲೋ ಕೊಡಗಿನಲ್ಲೋ ಜೋಡುನಳಿಗೆ ಕೋವಿ ನೋಡಿದವರಿಗೆ ಈ ಯುಕ್ತಿಯ ಬೆಲೆ ಬೇಗ ತಿಳಿಯುತ್ತದೆ. ಜೋಡುನಳಿಗೆಯಲ್ಲಿ ಇರುವುದು ಎರಡೇ ಈಡು. ಎರಡೂ ಮುಗಿದರೆ ಕೋವಿಯನ್ನು ನಡುವೆ ಮಡಿಸಿ, ಸುಟ್ಟ ತೋಟಾ ಕಿತ್ತು, ಹೊಸದು ತುರುಕಿ, ಮತ್ತೆ ಮುಚ್ಚಬೇಕು. ಕಣ್ಣು ಗುರಿ ಬಿಟ್ಟಿರುತ್ತದೆ, ಹಕ್ಕಿಗಳು ಕೆರೆ ದಾಟಿರುತ್ತವೆ. ಇಷ್ಟು ಹೊತ್ತೂ ಎಡಗೈ ಮಾಡುತ್ತಿದ್ದ ಕೆಲಸ ಒಂದೇ, ನಳಿಗೆಯ ಭಾರ ಹೊರುವುದು. ಆ ಎಡಗೈಗೆ ಒಂದು ಕೆಲಸ ಕೊಟ್ಟದ್ದೇ ಪಂಪ್ ಕೋವಿಯ ಹುಟ್ಟು.

ಏರ್ಪಾಟು ಹೀಗಿದೆ. ನಳಿಗೆಯ ಕೆಳಗೆ ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಕೊಳವೆ. ಅದರೊಳಗೆ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ, ಸ್ಪ್ರಿಂಗು ಅವನ್ನು ಹಿಂದಕ್ಕೆ ಒತ್ತುತ್ತಿರುತ್ತದೆ. ಕೊಳವೆಯ ಮೇಲೆ ಜಾರುವ ಮರದ ಹಿಡಿಯಿಂದ ಉಕ್ಕಿನ ಸರಳು ಹೊರಟು ಕೋವಿಯ ಹೊಟ್ಟೆಯೊಳಗಿನ ಬೋಲ್ಟಿಗೆ ಸೇರುತ್ತದೆ. ಹಿಡಿ ಹಿಂದೆ ಬಂದಾಗ ಬೋಲ್ಟು ಖಾಲಿ ತೋಟಾವನ್ನು ಕಚ್ಚಿ ಎಳೆದು ಹೊರಗೆಸೆಯುತ್ತದೆ, ತೋಟಾ ಸಿಡಿಸಲು ಬಡಿಯುವ ಕುದುರೆ ಹೂಡಿಕೊಳ್ಳುತ್ತದೆ. ಹಿಡಿ ಮುಂದೆ ಹೋದಾಗ ಹೊಸ ತೋಟಾ ಮೇಲೆದ್ದು ನಳಿಗೆಯೊಳಗೆ ಹೋಗಿ ಬೀಗ ಬೀಳುತ್ತದೆ. ಬಲಗೈ ಟ್ರಿಗರ್ ಬಿಟ್ಟು ಕದಲಬೇಕಿಲ್ಲ, ಕೋವಿ ಭುಜ ಬಿಡಬೇಕಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ಹಾಗೆ ಹಿಂದೆ ಮುಂದೆ ಆಡುವುದರಿಂದಲೇ ಅದಕ್ಕೆ ಪಂಪ್ ಎಂಬ ಹೆಸರು.

1854ರಲ್ಲೇ ಹೊಳೆದ ಯುಕ್ತಿ ಮೂರು ದಶಕ ಕಾಯಬೇಕಾಗಿ ಬಂದದ್ದು ಬಹುಪಾಲು ತೋಟಾದ ದೆಸೆಯಿಂದ. ಆ ಕಾಲಕ್ಕೆ ಬಹಳಷ್ಟು ಕೋವಿಗಳು ಬಾಯಿಯಿಂದ ಮದ್ದು, ಚರೆ ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯುವಂಥವು. ಕೇಪು, ಮದ್ದು, ಚರೆ ಎಲ್ಲವೂ ಒಂದೇ ಗಟ್ಟಿ ಕೋಶದೊಳಗೆ ಸೇರಿ, ಪ್ರತಿಯೊಂದೂ ಒಂದೇ ಅಳತೆಗೆ ಬರುವವರೆಗೆ ಎಳೆದು ತಳ್ಳುವ ಯಂತ್ರಕ್ಕೆ ಎಳೆಯಲು, ತಳ್ಳಲು ಏನೂ ಇರಲಿಲ್ಲ. ನಡುವೆ ಹಿತ್ತಾಳೆಯ ಬುಡದ ತೋಟಾಗಳು ಬಳಕೆಗೆ ಬಂದವು. ದಾರಿ ತೆರೆಯಿತು.

ಆ ದಾರಿಯಲ್ಲಿ ಮೊದಲು ನಡೆದವನು ಕ್ರಿಸ್ಟೋಫರ್ ಸ್ಪೆನ್ಸರ್. ಕನೆಟಿಕಟ್ ರಾಜ್ಯದ ರೇಷ್ಮೆ ಗಿರಣಿಯೊಂದರಲ್ಲಿ ಯಂತ್ರಗಳ ನಡುವೆ ಬೆಳೆದವನು. 1860ರಲ್ಲಿ ಏಳು ಗುಂಡು ಹಿಡಿಯುವ ರೈಫಲ್ ಮಾಡಿದ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1863ರ ಆಗಸ್ಟಿನಲ್ಲಿ, ಅದನ್ನು ತೆಗೆದುಕೊಂಡು ಅಧ್ಯಕ್ಷ ಅಬ್ರಹಾಂ ಲಿಂಕನ್ ಬಳಿಗೇ ಹೋದ. ಮರುದಿನ ಶ್ವೇತಭವನದ ಹತ್ತಿರದ ಬಯಲಿನಲ್ಲಿ ಹಲಗೆ ನಿಲ್ಲಿಸಿ ಲಿಂಕನ್ ತಾನೇ ಏಳು ಗುಂಡು ಹೊಡೆದು ನೋಡಿದ. ಯುದ್ಧ ಮುಗಿದ ಮೇಲೆ ಕೊಳ್ಳುವವರಿಲ್ಲದೆ ಸ್ಪೆನ್ಸರನ ಕಂಪನಿ ಮುಳುಗಿತು. ಅದರ ಆಸ್ತಿ 1869ರಲ್ಲಿ ಸೇರಿದ್ದು ವಿಂಚೆಸ್ಟರಿನವರ ಕೈಗೇ.

ಸ್ಪೆನ್ಸರ್ ಕೈಕಟ್ಟಿ ಕೂರಲಿಲ್ಲ. ತಿರುಪು ಮೊಳೆಗಳನ್ನು ತಾನೇ ಕಡೆಯುವ ಯಂತ್ರ ಮಾಡಿದ. ಆಮೇಲೆ ಸಿಲ್ವೆಸ್ಟರ್ ರೋಪರ್ ಎಂಬ ಇನ್ನೊಬ್ಬ ಅಸಾಧ್ಯ ಕುಶಲಿಯೊಂದಿಗೆ ಕೂಡಿ 1882ರಲ್ಲಿ ಪಂಪ್ ಕೋವಿಯ ಪೇಟೆಂಟ್ ಪಡೆದ. ಈ ರೋಪರ್ ಉಗಿಯಿಂದ ಓಡುವ ಎರಡು ಗಾಲಿಯ ಬಂಡಿ ಕಟ್ಟಿದವನು. 1896ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಅಂಥದೇ ಬಂಡಿಯನ್ನು ಸೈಕಲ್ ಪಂದ್ಯದ ಹಾದಿಯಲ್ಲಿ ಓಡಿಸುತ್ತಿರುವಾಗಲೇ ಎದೆ ನಿಂತು ಸತ್ತ. ಮೋಟಾರ್ ಸೈಕಲ್ಲಿನ ಚರಿತ್ರೆ ಬರೆಯುವವರು ಅವನನ್ನು ಬಿಟ್ಟು ಬರೆಯಲಾರರು.

ಇವರಿಬ್ಬರ ಕೋವಿ, ಮಾರುಕಟ್ಟೆಯಲ್ಲಿ ಕಾಲೂರಿದ ಮೊದಲ ಪಂಪ್ ಕೋವಿ. ಕೋವಿ ಗೆದ್ದರೂ ಅದನ್ನು ಮಾಡಿದ ಸ್ಪೆನ್ಸರನ ಹೊಸ ಕಂಪನಿ ಗೆಲ್ಲಲಿಲ್ಲ. ಅದು ದಿವಾಳಿಯಾದಾಗ ಪೇಟೆಂಟು, ಯಂತ್ರಗಳನ್ನು ಕೊಂಡವನೇ ಬ್ಯಾನರ್‌ಮನ್. ಅವನು ಕೋರ್ಟಿಗೆ ಹಿಡಿದುಕೊಂಡು ಹೋದದ್ದು ಈ ಕಾಗದವನ್ನೇ.

ಅವನ ಎದುರಿಗಿದ್ದ ವಿಂಚೆಸ್ಟರ್ ಕೋವಿಯನ್ನು ರೂಪಿಸಿದವನು ಜಾನ್ ಮೋಸೆಸ್ ಬ್ರೌನಿಂಗ್. ಯೂಟಾ ಪ್ರಾಂತ್ಯದ ಆಗ್ಡೆನ್ ಊರಿನಲ್ಲಿ 1855ರಲ್ಲಿ ಹುಟ್ಟಿದ. ಅಪ್ಪ ಕೋವಿ ಮಾಡುವವ, ರಿಪೇರಿ ಮಾಡುವವ. ಮಗ ಅಂಗಡಿಯ ನೆಲದ ಮೇಲಿನ ತುಂಡು ಕಬ್ಬಿಣದಲ್ಲೇ ಅಕ್ಷರ ಕಲಿತವನು. ವಿಂಚೆಸ್ಟರಿಗೆ ಹಲವು ಈಡಿನ ಚರೆ ಕೋವಿ ಬೇಕಾದಾಗ, ಪಂಪ್ ಆದರೆ ಚೆನ್ನ ಎಂಬುದು ಬ್ರೌನಿಂಗ್‌ನ ಅಭಿಪ್ರಾಯ. ಕಂಪನಿಗೆ ಹೆಸರು ತಂದಿದ್ದು ಟ್ರಿಗರಿನ ಸುತ್ತ ಇರುವ ಬಳೆಯಂಥ ಲಿವರ್. ಆದ್ದರಿಂದ ಲಿವರ್ ಕೋವಿಯೇ ಬೇಕೆಂದರು. ಅವನು ಅದನ್ನೇ ಮಾಡಿಕೊಟ್ಟ; ಅದು 1887ರ ಮಾದರಿ. ಆಮೇಲೆ ತನಗೆ ಸರಿ ಕಂಡದ್ದನ್ನೂ ಮಾಡಿದ. 1893ರಲ್ಲಿ ಪಂಪ್ ಕೋವಿ ಹೊರಬಂತು. ಅಷ್ಟರಲ್ಲಿ ಕಪ್ಪು ಮದ್ದಿನ ಜಾಗಕ್ಕೆ ಹೊಗೆಯಿಲ್ಲದ, ಹೆಚ್ಚು ಒತ್ತಡದ ಮದ್ದು ಬರತೊಡಗಿತ್ತು. ಅದನ್ನು ತಾಳುವಂತೆ ಮೈ ಗಟ್ಟಿ ಮಾಡಿ ತಂದದ್ದು 1897ರ ಮಾದರಿ. ಬೇಟೆಗಾರರು ಅದನ್ನು ಎದೆಗಪ್ಪಿಕೊಂಡರು. 1957ರವರೆಗೆ ತಯಾರಾಗುತ್ತಲೇ ಇದ್ದ ಅದರ ಸಂಖ್ಯೆ ಸುಮಾರು ಹತ್ತು ಲಕ್ಷ.

ಹಕ್ಕಿ ಹೊಡೆಯಲು ಹುಟ್ಟಿದ ಈ ಕೋವಿ ಮೊದಲ ಮಹಾಯುದ್ಧದಲ್ಲಿ ಮನುಷ್ಯರ ಮೇಲೆ ತಿರುಗಿತು. ಫ್ರಾನ್ಸಿನ ಕಂದಕಗಳಲ್ಲಿ ಶತ್ರು ಎದುರಾಗುತ್ತಿದ್ದುದು ನಾಲ್ಕೆಂಟು ಹೆಜ್ಜೆಯ ದೂರದಲ್ಲಿ. ಅಮೆರಿಕದ ಸೈನ್ಯ 97ರ ನಳಿಗೆಯನ್ನು 20 ಇಂಚಿಗೆ ಇಳಿಸಿ, ಕಾದ ನಳಿಗೆ ಕೈ ಸುಡದಂತೆ ಮೇಲೊಂದು ತೂತಿನ ತಗಡು ಹೊದಿಸಿ, ತುದಿಗೆ ಬಯೊನೆಟ್ ಸಿಕ್ಕಿಸಿ ಸೈನಿಕರ ಕೈಗೆ ಕೊಟ್ಟಿತು. ಟ್ರಿಗರನ್ನು ಒತ್ತಿಯೇ ಹಿಡಿದು ಎಡಗೈ ಆಡಿಸಿದರೆ ಪ್ರತಿ ತಳ್ಳುವಿಕೆಗೂ ಒಂದು ಈಡು ಹೋಗುತ್ತಿತ್ತು. ಒಂದೊಂದು ತೋಟಾದಲ್ಲಿ ಒಂಬತ್ತು ದಪ್ಪ ಚರೆ.

1918ರ ಸೆಪ್ಟೆಂಬರಿನಲ್ಲಿ ಜರ್ಮನ್ ಸರ್ಕಾರ ಅಮೆರಿಕಕ್ಕೆ ಅಧಿಕೃತ ಪ್ರತಿಭಟನೆ ಕಳಿಸಿತು. ಅನಗತ್ಯ ಯಾತನೆ ಕೊಡುವ ಆಯುಧಗಳನ್ನು ಹೇಗ್ ಒಪ್ಪಂದ ನಿಷೇಧಿಸಿದೆ, ಇಂಥ ಕೋವಿಯೋ ಅದರ ತೋಟಾವೋ ಸಿಕ್ಕ ಸೆರೆಯಾಳುಗಳಿಗೆ ಮರಣದಂಡನೆ ಆಗುತ್ತದೆ ಎಂದಿತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್ ಅದನ್ನು ತಳ್ಳಿಹಾಕಿ, ಹಾಗೆ ಮಾಡಿದರೆ ತಕ್ಕ ಪ್ರತೀಕಾರ ಕಾದಿದೆ ಎಂದ. ನವೆಂಬರ್ 11ಕ್ಕೆ ಯುದ್ಧವೇ ನಿಂತಿತು. 1915ರಲ್ಲಿ ಈಪ್ರ್ ಬಳಿ ಕ್ಲೋರಿನ್ ಗಾಳಿ ಬಿಟ್ಟ ಸೈನ್ಯವೂ ಈ ಕೋವಿಗೆ ಅಂಜಿತು ಎಂಬುದನ್ನು ನಾನು ಮರೆಯಲಾರೆ. ಬಾತುಕೋಳಿಗೆಂದು ಮಾಡಿದ ಅನುಕೂಲ ಮನುಷ್ಯನ ಮೈಗೆ ತಗುಲಿದಾಗ ಏನಾಗುತ್ತದೆ ಎಂದು ಕಣ್ಣಾರೆ ಕಂಡವರ ಅಂಜಿಕೆ ಅದು.

ಆಮೇಲಿನ ಕತೆ ಕಾರ್ಖಾನೆಗಳದು. ಕುದುರೆಯನ್ನು ಒಳಗೆ ಮುಚ್ಚಿಟ್ಟ ವಿಂಚೆಸ್ಟರ್ 1912 ಬಂತು, ತಳದಿಂದಲೇ ಖಾಲಿ ತೋಟಾ ಉದುರಿಸುವ ಇಥಾಕಾ 37 ಬಂತು. 1950ರಲ್ಲಿ ಬಂದ ರೆಮಿಂಗ್ಟನ್ 870, 1961ರ ಮಾಸ್‌ಬರ್ಗ್ 500 ಎರಡೂ ಒಂದೊಂದು ಕೋಟಿ ದಾಟಿದವು. ಅಮೆರಿಕದ ಪೊಲೀಸ್ ಕಾರುಗಳಲ್ಲಿ, ಹೊಲಮನೆಗಳ ಗೋಡೆಗಳಲ್ಲಿ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಕೆಳಗೆ ಪಂಪ್ ಕೋವಿ ನೆಲೆಸಿತು.

ಅಲ್ಲಿಂದ ತೆರೆಗೆ ಒಂದೇ ಹೆಜ್ಜೆ. ಸ್ಯಾಮ್ ಪೆಕಿನ್‌ಪಾ 1969ರ ‘ದಿ ವೈಲ್ಡ್ ಬಂಚ್’ ಚಿತ್ರದಲ್ಲಿ 97ರ ಮಾದರಿಯನ್ನು ಅದರ ನಿಜವಾದ ಕಾಲದಲ್ಲೇ ಇಟ್ಟು ತೋರಿಸಿದ. ಕತೆ ನಡೆಯುವುದು 1913ರ ಗಡಿನಾಡಿನಲ್ಲಿ. ಮೂರು ವರ್ಷದ ನಂತರ ಅದೇ ನಿರ್ದೇಶಕನ ‘ದಿ ಗೆಟ್‌ಅವೇ’ಯಲ್ಲಿ ಸ್ಟೀವ್ ಮೆಕ್ವೀನ್ ಪಂಪ್ ಕೋವಿಯಿಂದ ಪೊಲೀಸ್ ಕಾರನ್ನು ಚಿಂದಿ ಮಾಡಿದ. 1984ರ ‘ದಿ ಟರ್ಮಿನೇಟರ್’ನಲ್ಲಿ ಭವಿಷ್ಯದಿಂದ ಬಂದ ಯೋಧನ ಕೈಗೆ ಪೊಲೀಸ್ ಕಾರಿನ ಇಥಾಕಾ ಸಿಕ್ಕಿತು. 1991ರ ಎರಡನೆಯ ಭಾಗದಲ್ಲಿ ಶ್ವಾರ್ಜ್‌ನೆಗರ್ ಮೋಟಾರ್ ಸೈಕಲ್ಲಿನ ಮೇಲೆ ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸುವುದು ಬ್ರೌನಿಂಗ್‌ನ ಆ ಹಳೆಯ 1887ರ ಲಿವರ್ ಕೋವಿ. ತಿರುಗಿಸಲು ಆಗುವಂತೆ ಅದರ ಬಳೆಯನ್ನು ದೊಡ್ಡದು ಮಾಡಿದ್ದರು. ಒಂದು ಕೈ ಮೋಟಾರ್ ಸೈಕಲ್ಲಿನ ಹ್ಯಾಂಡಲಿನ ಮೇಲಿರುವಾಗ ಪಂಪ್ ಕೋವಿ ನಡೆಯುವುದಿಲ್ಲ, ಅದಕ್ಕೆ ಎರಡೂ ಕೈ ಬೇಕು. ಬ್ರೌನಿಂಗ್ ಬೇಡವೆಂದ ಏರ್ಪಾಟಿಗೆ ನೂರು ವರ್ಷದ ಮೇಲೆ ಹೀಗೊಂದು ಉಪಯೋಗ ಸಿಕ್ಕಿತು. 1993ರ ‘ಡೂಮ್’ ಎಂಬ ಕಂಪ್ಯೂಟರ್ ಆಟಕ್ಕೋ, ಆಟಿಕೆ ಕೋವಿಯೊಂದರ ಫೋಟೊ ತೆಗೆದೇ ಪಂಪ್ ಕೋವಿ ಮಾಡಿದರು. ಅದನ್ನು ಎಳೆದು ತಳ್ಳುತ್ತಾ ಒಂದು ತಲೆಮಾರಿನ ಹುಡುಗರು ಬೆಳೆದರು.

ತೆರೆ ತಾನಾಗಿ ಕಂಡುಕೊಂಡದ್ದು ಕೋವಿಯ ಸದ್ದನ್ನು. ಎಳೆದಾಗ ಒಂದು ‘ಚಕ್’, ತಳ್ಳಿದಾಗ ಇನ್ನೊಂದು. ಕತ್ತಲ ಕೋಣೆಯಲ್ಲಿ ಅದು ಕೇಳಿದರೆ ಸಾಕು, ಮಾತೇ ಬೇಡ. ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟುವಿಕೆಗಳನ್ನು ಚಿತ್ರ ನೋಡುತ್ತಾ ಕೈಯಾರೆ ಮಾಡಿ ಸೇರಿಸುವ ವಿದ್ಯೆಗೆ ಯೂನಿವರ್ಸಲ್ ಸ್ಟುಡಿಯೋದ ಜಾಕ್ ಫೋಲಿಯ ಹೆಸರೇ ಉಳಿದಿದೆ. ಆ ವಿದ್ಯೆಯ ಕಲಾವಿದರು ಈ ಸದ್ದನ್ನು ಬೆಳೆಸಿದರು. ಎಷ್ಟೆಂದರೆ ನಾಯಕ ಬಾಗಿಲಲ್ಲಿ ನಿಂತಾಗೊಮ್ಮೆ, ಬೆದರಿಸುವಾಗೊಮ್ಮೆ, ಮಾತು ಮುಗಿಸುವಾಗ ಮತ್ತೊಮ್ಮೆ ಹಿಡಿ ಎಳೆಯುತ್ತಾನೆ. ನಿಜವಾದ ಕೋವಿಯಲ್ಲಿ ಹೀಗೆ ಮಾಡಿದರೆ ಸುಡದ ತೋಟಾ ಪ್ರತಿ ಸಲವೂ ನೆಲಕ್ಕೆ ಬೀಳುತ್ತದೆ. ಮೂರು ಸಲ ಬೆದರಿಸುವಷ್ಟರಲ್ಲಿ ಕೊಳವೆ ಅರ್ಧ ಖಾಲಿ.

ಇನ್ನೊಂದು ಸುಳ್ಳು ಇದಕ್ಕಿಂತ ದೊಡ್ಡದು. ಈಡು ತಗುಲಿದವನು ತೆರೆಯ ಮೇಲೆ ಹಿಂದಕ್ಕೆ ಹಾರಿ ಬೀಳುತ್ತಾನೆ. 1953ರ ‘ಶೇನ್’ ಚಿತ್ರದಲ್ಲಿ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ನಟನ ಬೆನ್ನಿಗೆ ತಂತಿ ಕಟ್ಟಿ ಎಳೆಸಿದ. ಅಲ್ಲಿದ್ದದ್ದು ಪಿಸ್ತೂಲು, ಆದರೆ ಆ ತಂತಿ ಆಮೇಲೆ ಎಲ್ಲ ಕೋವಿಗಳಿಗೂ ಬಂತು. ಲೆಕ್ಕ ಹಾಕಿ ನೋಡಿ. 32 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದು 70 ಕಿಲೋ ತೂಕದ ಮೈಯಲ್ಲಿ ನಿಂತರೆ, ಆ ಮೈಗೆ ಸಿಗುವ ವೇಗ ಸೆಕೆಂಡಿಗೆ 20 ಸೆಂಟಿಮೀಟರೂ ಇಲ್ಲ. ಹಾರಿಸುವಷ್ಟು ಬಲವಿದ್ದರೆ ಹೊಡೆದವನೂ ಅಷ್ಟೇ ಹಿಂದಕ್ಕೆ ಹಾರಬೇಕಿತ್ತು. ಮನುಷ್ಯ ಹಾರುವುದಿಲ್ಲ, ನಿಂತಲ್ಲೇ ಕುಸಿಯುತ್ತಾನೆ. ಹಾರಿ ಬೀಳುವುದು ನೋಡಲು ಆಟದಂತಿದೆ, ಕುಸಿಯುವುದು ಸಾವಿನಂತಿದೆ. ತೆರೆಗೆ ಬಹಳ ಸಲ ಬೇಕಾದದ್ದು ಮೊದಲನೆಯದು. ನನ್ನ ದೂರು ಇದೊಂದೇ.

ಹಾಗೆಂದು ಕೋವಿಯ ನಿಜವನ್ನು ಎಲ್ಲರೂ ಮರೆತಿಲ್ಲ. ಕೋಯೆನ್ ಸಹೋದರರ 2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ನಲ್ಲಿ ಬೆನ್ನಟ್ಟಲ್ಪಟ್ಟ ಮಾಸ್ ಎಂಬವನು ಅಂಗಡಿಗೆ ಹೋಗಿ ಕೊಳ್ಳುವುದು ಅದೇ 97ರ ಮಾದರಿ. ಕತೆ ನಡೆಯುವುದು 1980ರಲ್ಲಿ. ಅವನು ಕೋಣೆಯಲ್ಲಿ ಕೂತು ಗರಗಸದಿಂದ ಅದರ ನಳಿಗೆ ಕುಯ್ಯುತ್ತಾನೆ. ಹಿನ್ನೆಲೆಯಲ್ಲಿ ಹಾಡಿಲ್ಲ, ಅಬ್ಬರವಿಲ್ಲ. ಉಕ್ಕಿನ ಮೇಲೆ ಉಕ್ಕು ಉಜ್ಜುವ ಸದ್ದು ಮಾತ್ರ. ಅಂಜಿದ ಮನುಷ್ಯನ ಕೈಯಲ್ಲಿ ಕೋವಿ ಎಷ್ಟು ಭಾರ ಎಂದು ಆ ದೃಶ್ಯದಲ್ಲಿ ನನಗೆ ತಿಳಿಯಿತು.

ತನ್ನ ಕೋವಿಯ ಸದ್ದನ್ನು ಕರ್ಟಿಸ್ ಪೇಟೆಂಟ್ ಬರೆದಾಗ ಕೇಳಿರಲಿಲ್ಲ. ಇಂದು ಆ ಸದ್ದು ಗೊತ್ತಿಲ್ಲದವರೇ ಕಡಿಮೆ, ಕೋವಿ ಮುಟ್ಟದವರಿಗೂ ಗೊತ್ತು. ಇನ್ನೊಮ್ಮೆ ತೆರೆಯ ಮೇಲೆ ಯಾರಾದರೂ ಬೆದರಿಸಲು ಹಿಡಿ ಎಳೆದಾಗ ಮುಖ ನೋಡಬೇಡಿ, ನೆಲ ನೋಡಿ. ಅಲ್ಲಿ ಸುಡದ ತೋಟಾ ಒಂದು ಬಿದ್ದು ಉರುಳಿದರೆ, ಆ ಚಿತ್ರ ಮಾಡಿದವರು ಎಡಗೈಯ ಕೆಲಸವನ್ನು ಅರಿತಿದ್ದಾರೆ.