ಟೆಲಿಸ್ಕೋಪನ್ನು ಎಲ್ಲಿ ಮುರಿಯಬೇಕು?

ಅಪಘಾತದಲ್ಲಿ ರೈಲಿನ ಒಂದು ಬೋಗಿ ಇನ್ನೊಂದರೊಳಗೆ ನುಗ್ಗಿಬಿಟ್ಟರೆ ಫ್ರೆಂಚರ ಬಾಯಲ್ಲಿ ಬರುವ ಕ್ರಿಯಾಪದ ‘ತೆಲೆಸ್ಕೋಪೇ’. ಹಳೆಯ ದುರ್ಬೀನಿನ ಕೊಳವೆಗಳು ಒಂದರೊಳಗೊಂದು ಜಾರಿ ಕೂರುವುದನ್ನು ನೋಡಿದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಮೂಲ ಹೆಸರು ಹುಟ್ಟಿದ್ದು 1611ರಲ್ಲಿ, ರೋಮ್‌ನಲ್ಲಿ. ಗೆಲಿಲಿಯೊನ ಉಪಕರಣಕ್ಕೆ ಗ್ರೀಕ್ ವಿದ್ವಾಂಸ ಜೊವಾನ್ನಿ ದೆಮಿಸಿಯಾನಿ ಅದನ್ನು ಕಟ್ಟಿಕೊಟ್ಟ: ‘ತೆಲೆ’ ಎಂದರೆ ದೂರ, ‘ಸ್ಕೋಪ್’ ಎಂದರೆ ನೋಡುವುದು.

ಸಾಲಿನ ಕೊನೆಯಲ್ಲಿ ಈ ಪದವನ್ನು ಒಡೆಯಬೇಕಾಗಿ ಬಂದರೆ ಎಲ್ಲಿ ಒಡೆಯುವುದು? ಗ್ರೀಕ್ ಬಲ್ಲವರು ‘ತೆಲೆ-ಸ್ಕೋಪೇ’ ಎನ್ನುತ್ತಾರೆ. ಫ್ರೆಂಚ್ ಕಿವಿಗೆ ಕೇಳಿಸುವುದು ‘ತೆ-ಲೆಸ್-ಕೋ-ಪೇ’. ಎರಡು ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ ಎಂಬುದು ಅಲ್ಲಿನ ವಾಡಿಕೆ. ‘ಗ್ರ’, ‘ಕ್ಲ’ದಂಥ ಜೋಡಿಗಳಿಗೆ ಮಾತ್ರ ರಿಯಾಯಿತಿ, ಹಾಗಾಗಿ ‘ಫೋ-ತೋ-ಗ್ರಾ-ಫ್ಯೇ’ಯಲ್ಲಿ ಜಗಳವೇ ಇಲ್ಲ. ಮುದ್ರಕರಲ್ಲಿ ಬೇರಿನ ಪಕ್ಷ, ಕಿವಿಯ ಪಕ್ಷ ಎರಡೂ ಇವೆ.

ನನ್ನ ಮಟ್ಟಿಗೆ ಕಾಗುಣಿತವೇ ತೀರ್ಪು ಕೊಟ್ಟಾಗಿದೆ. ‘ತೆಲೆಫೋನೇ’ ಬರೆಯುವಾಗ ಮೊದಲ ಎರಡು ಎಕಾರಗಳ ನೆತ್ತಿಯ ಮೇಲೂ ಓರೆಗೆರೆ ಇರುತ್ತದೆ. ‘ತೆಲೆಸ್ಕೋಪೇ’ಯಲ್ಲಿ ಎರಡನೆಯದರ ಗೆರೆ ಮಾಯ. ವ್ಯಂಜನ ಬಾಗಿಲು ಮುಚ್ಚಿದ ಉಚ್ಚಾರಾಂಶದ ಎಕಾರಕ್ಕೆ ಆ ಗೆರೆ ಹಾಕುವ ಪದ್ಧತಿಯಿಲ್ಲ. ಅಂದರೆ ‘ಲೆಸ್’ ಎಂಬ ತುಂಡನ್ನು ಬರವಣಿಗೆಯೇ ಒಪ್ಪಿಕೊಂಡಿದೆ. ತಮಾಷೆಯೆಂದರೆ, ಟಿವಿ ವೀಕ್ಷಕನಿಗೆ ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿದ ‘ತೆಲೆಸ್ಪೆಕ್ತಾತೋರ್’ನಲ್ಲಿ ಎರಡೂ ಗೆರೆಗಳು ಭದ್ರ. ಹೊಸ ಸಮಾಸ ನೋಡಿ, ಬೆಸುಗೆ ಇನ್ನೂ ಕಾಣುತ್ತದೆ.

ಕನ್ನಡ ಲಿಪಿ ಗ್ರೀಕ್ ಪಂಡಿತರ ಕಡೆ. ‘ಸ್ಕೋ’ ನಮಗೆ ಒಂದೇ ಅಕ್ಷರ. ಒತ್ತು ಕಳಚಿ ‘ಸ್’ ಒಂದನ್ನೇ ಮೇಲಿನ ಸಾಲಿನಲ್ಲಿ ಬಿಡುವಂತಿಲ್ಲ. ಆದರೆ ‘ಟೆಲಿಸ್ಕೋಪ್’ಗೆ ಪ್ರಸ್ತಾರ ಹಾಕಿ ನೋಡಿ. ಮುಂದೆ ಒತ್ತಕ್ಷರ ಇರುವುದರಿಂದ ‘ಲಿ’ ಗುರು. ನಮ್ಮ ಛಂದಸ್ಸೂ ‘ಲಿಸ್’ ಎಂದೇ ಎಣಿಸುತ್ತದೆ.

ಬೇರು ಮತ್ತು ಕಿವಿಯ ಇದೇ ಜಗಳ ಇನ್ನೊಂದು ಪದದಲ್ಲೂ ಇದೆ. ಮನೋವಿಶ್ಲೇಷಣೆ ಮಾಡುವುದಕ್ಕೆ ಫ್ರೆಂಚರದು ‘ಪ್ಸಿ-ಕಾ-ನಾ-ಲಿ-ಜೇ’. ಫ್ರಾಯ್ಡ್ ಮನೋವಿಶ್ಲೇಷಣೆಯ ಹೆಸರನ್ನು ಮೊದಲು ಅಚ್ಚಿಗೆ ತಂದದ್ದು 1896ರ ಒಂದು ಫ್ರೆಂಚ್ ಲೇಖನದಲ್ಲಿ; ಆಗ ‘ಪ್ಸಿಕೋ’ದ ಓಕಾರ ಇತ್ತು. ಆಮೇಲೆ ಫ್ರೆಂಚ್ ಅದನ್ನು ನುಂಗಿಹಾಕಿತು, ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದಂತೆ. ಅಪ್ಪಟ ಲೋಪಸಂಧಿ! ಮನಸ್ಸು ಎಂಬರ್ಥದ ‘ಪ್ಸಿಕೋ’ದಲ್ಲಿ ಉಳಿದ ಕಕಾರ ಹೋಗಿ ‘ಅನಾ’ ಎಂಬ ಗ್ರೀಕ್ ಉಪಸರ್ಗದ ತಲೆಗೆ ಅಂಟಿತು.

ಇನ್ನು ‘ಓರ್ತೋಗ್ರಾಫ್ಯೇ’, ಅಂದರೆ ಕಾಗುಣಿತ ಪ್ರಕಾರ ಬರೆಯುವುದು. ವಿದ್ಯೆಯ ಹೆಸರು ‘-ಗ್ರಾಫೀ’, ಅದನ್ನು ಬಲ್ಲವನು ‘-ಗ್ರಾಫ್’: ‘ಜಿಯೋಗ್ರಾಫೀ’ ಭೂಗೋಳ, ‘ಜಿಯೋಗ್ರಾಫ್’ ಭೂಗೋಳತಜ್ಞ. ಆ ಲೆಕ್ಕದಲ್ಲಿ ಕಾಗುಣಿತ ‘ಓರ್ತೋಗ್ರಾಫೀ’ ಆಗಬೇಕಿತ್ತು, ಆದದ್ದು ‘ಓರ್ತೋಗ್ರಾಫ್’. ಕ್ರಿಯಾಪದದಲ್ಲಿ ಉಳಿದ ಇಕಾರ ನಾಮಪದದಲ್ಲಿ ಉದುರಿತು. ಹೀಗೆ ಬೇರಿಗೆ ಹೊಂದದ ಕಾಗುಣಿತ ಇನ್ನೊಂದೂ ಇತ್ತು. ನಮ್ಮ ನೀಲೋತ್ಪಲ ಪರ್ಷಿಯನ್, ಅರಬ್ಬಿ ದಾಟಿ ಫ್ರೆಂಚಿನಲ್ಲಿ ‘ನೆನ್ಯುಫಾರ್’ ಆಗಿ ಗ್ರೀಕ್ ಶೈಲಿಯ ಫಕಾರ (f ಬದಲು ph) ತೊಟ್ಟು ಕೂತಿತ್ತು. 1990ರ ಕಾಗುಣಿತ ಸುಧಾರಣೆ ಅದರ ವೇಷ ಕಳಚಿತು. ‘ಓರ್ತೋಗ್ರಾಫ್’ ಅನ್ನು ಮುಟ್ಟಲಿಲ್ಲ.