ಬೌಲಿಂಗಿನ ಅಭ್ಯಾಸ

ಬಿಡುವಿನಲ್ಲಿ ಕ್ರಿಕೆಟ್ಟಾಡುವ ಹುಡುಗಿಯರು ವೇಗವೇ ಬೌಲಿಂಗಿನ ಸಾರವೆಂದು ಭಾವಿಸುವುದುಂಟು. ಮೊದಲು ಗುರಿ, ಅನಂತರ ವೇಗವೆಂಬುದು ನಮ್ಮ ಅಭಿಪ್ರಾಯ. ವಿಕೆಟುಗಳ ನಡುವಣ ಅಂತರವು 22 ಗಜ. ಎದುರಿನ ವಿಕೆಟಿಗಿಂತ ನಾಲ್ಕೈದು ಗಜ ಮುಂದೆ ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳುವಂತೆ ಅಭ್ಯಾಸಮಾಡತಕ್ಕದ್ದು. ಪ್ರತಿಸಲವೂ ಎಣಿಸಿದ ಹೆಜ್ಜೆಗಳಷ್ಟೇ ಓಡಿಬರಬೇಕು. ದೃಷ್ಟಿಯು ಗುರಿಯಲ್ಲಿ ನೆಟ್ಟಿರಬೇಕು. ಚೆಂಡನ್ನು ಬಿಟ್ಟೊಡನೆ ತೋಳನ್ನು ತಡೆಯದೆ, ಎದೆಯನ್ನು ಹಾದು ಸೊಂಟದತ್ತ ಇಳಿಯಗೊಡಬೇಕು. ಇಲ್ಲವಾದರೆ ಭುಜಕ್ಕೆ ಪೆಟ್ಟಾದೀತು. ದಿನಕ್ಕೆ ಮೂರು ನಾಲ್ಕು ಓವರುಗಳು ಸಾಕು. ನೋವು ತೋರಿದರೆ ನಿಲ್ಲಿಸತಕ್ಕದ್ದು.

ವಿಜಯಪುರದ ರಾಜೇಶ್ವರಿ ಗಾಯಕ್ವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು 15 ಓಟಗಳಿಗೆ 5 ವಿಕೆಟುಗಳನ್ನು ಗಳಿಸಿದುದು ವೇಗದಿಂದಲ್ಲ, ಸ್ಪಿನ್ನಿನಿಂದ. ತಾಯಿತಂದೆಗಳು ಸಾಯಂಕಾಲದ ಒಂದು ಗಂಟೆಯನ್ನು ಮಗಳ ಆಟಕ್ಕೆ ಬಿಟ್ಟುಕೊಡಲಿ. ಮನೆಗೆಲಸವು ಅಷ್ಟು ಹೊತ್ತು ಕಾದಿದ್ದರೆ ಕೆಡುವುದಿಲ್ಲ.