ಮೈಯೂ ಆಲಿಸುತ್ತದೆ

ಕೈ ಕಟ್ಟಿ ಅಲ್ಲಾಡದೆ ಕುಳಿತ ಮಗು ಪಾಠ ಕೇಳುತ್ತಿದೆ ಎಂದು ನಂಬಿಕೊಂಡೇ ನಮ್ಮ ತರಗತಿಗಳು ನಡೆದು ಬಂದಿವೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಿಸುತ್ತದೆ. ಅವರು 7 ತಿಂಗಳ ಕೂಸುಗಳಿಗೆ ಯಾವ ಪೆಟ್ಟಿಗೂ ವಿಶೇಷ ಒತ್ತಿಲ್ಲದ ತಾಳವೊಂದನ್ನು ಕೇಳಿಸುತ್ತ, ಅರ್ಧದಷ್ಟು ಕೂಸುಗಳನ್ನು ಎರಡು ಪೆಟ್ಟಿಗೊಮ್ಮೆ, ಉಳಿದವನ್ನು ಮೂರು ಪೆಟ್ಟಿಗೊಮ್ಮೆ ಎತ್ತಿ ಕುಣಿಸಿದರು. ಬಳಿಕ ಒತ್ತು ಸೇರಿಸಿದ ತಾಳಗಳನ್ನು ಕೇಳಿಸಿದಾಗ ಕೂಸುಗಳು ತಾವು ಕುಣಿದ ಲೆಕ್ಕಕ್ಕೆ ಹೊಂದುವುದನ್ನೇ ಹೆಚ್ಚು ಹೊತ್ತು ಆಲಿಸಿದವು. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಹೀಗೇ ಆಯಿತು. ಬೇರೆಯವರು ಕುಣಿಯುವುದನ್ನು ಬರೀ ನೋಡಿದ ಕೂಸುಗಳಲ್ಲಿ ಆಗಲಿಲ್ಲ. ಎಲ್ಲರ ಕಿವಿಗೂ ಬಿದ್ದದ್ದು ಒಂದೇ ಸದ್ದು, ಅದನ್ನು ವಿಂಗಡಿಸಿಕೊಟ್ಟದ್ದು ಮೈ. ಸುಮ್ಮನೆ ಕುಳಿತು ತಾಳ ಕೇಳುವಾಗಲೂ ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆ ಎಂದು ಮುಂದಿನ ಸ್ಕ್ಯಾನ್ ಅಧ್ಯಯನಗಳೂ ತೋರಿಸಿವೆ. ಸಂಗೀತದ ನಿಯಮ ಬರೆಯಬಲ್ಲ ವಿದ್ಯಾರ್ಥಿಗಳಿಗೆ ಅದು ಕಿವಿಯಲ್ಲಿ ಕೇಳಿಸುತ್ತಿಲ್ಲವೆಂದು ಕಂಡ ಜಿನೀವಾದ ಮೇಷ್ಟ್ರು ಎಮಿಲ್ ಜಾಕ್-ಡಾಲ್ಕ್ರೋಜ್ ಆ ವಿದ್ಯಾರ್ಥಿಗಳನ್ನು ನಡೆಸಿ, ಕುಣಿಸಿ ಕಲಿಸಲು ಹೊರಟದ್ದು ಕೂಸುಗಳ ಆ ಪ್ರಯೋಗಕ್ಕೂ ಸುಮಾರು ನೂರು ವರ್ಷ ಹಿಂದೆ.

ಹಾಗೆಂದು ಎಲ್ಲ ಕುಣಿತವೂ ಕಿವಿಯನ್ನು ಪಳಗಿಸುವುದಿಲ್ಲ. ಸದ್ದು ಬದಲಾದಾಗ ಚಲನೆಯೂ ಬದಲಾಗಲೇಬೇಕು, ಇಲ್ಲದಿದ್ದರೆ ಅದು ಬರೀ ವ್ಯಾಯಾಮ. ‘ಕೆರೆ’ ಎಂದಾಗ ಗೆರೆಯ ಒಳಗೆ, ‘ದಡ’ ಎಂದಾಗ ಹೊರಗೆ ಹಾರುವ ನಮ್ಮ ಶಾಲೆಗಳ ‘ಕೆರೆ–ದಡ’ ಆಟ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ: ‘ದಡ’ ಎಂದು ಎರಡು ಸಲ ಕೂಗಿದರೆ ಅಭ್ಯಾಸಬಲದಿಂದ ಹಾರುವ ಮಗು ಸಿಕ್ಕಿಬೀಳುತ್ತದೆ. ಕೇಳುವುದರ ಜೊತೆಗೆ, ಹಾರಲು ಸಿದ್ಧವಾದ ಕಾಲನ್ನು ತಡೆಹಿಡಿಯುವುದೂ ಇಲ್ಲಿ ಬೇಕು. ಆದರೆ ತಪ್ಪಿದವರು ಔಟ್ ಎಂಬ ನಿಯಮ ಕಲಿಕೆಗೆ ಒಳ್ಳೆಯದಲ್ಲ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಮೊದಲು ಹೊರಗೆ ಕೂರುತ್ತದೆ. ಗದ್ದಲವಾಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ, ಮೆಲುದನಿಯಲ್ಲಿ ಹೇಳಿದರಾಯಿತು. ಆಟದಲ್ಲಿ ಚುರುಕಾದ ಕಿವಿ ಕಥೆ ಕೇಳುವಾಗಲೂ ಚುರುಕಾಗಿರುತ್ತದೆಯೇ ಎಂಬ ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ತಾನಾಗಿಯೇ ಆಗಲಾರದು, ಕಥೆಗೆ ಪದಸಂಪತ್ತು, ನೆನಪು ಎರಡೂ ಬೇಕು. ಅದಕ್ಕೇ ಆಜ್ಞೆಗಳೂ ಬೆಳೆಯಬೇಕು: ಒಂಟಿ ಪದದಿಂದ ‘ಕಿಟಕಿ ಮುಟ್ಟಿ, ಆಮೇಲೆ ಕುಳಿತುಕೋ’ ಎಂಬಂಥ ವಾಕ್ಯಕ್ಕೆ. ಮಕ್ಕಳು ಪಕ್ಕದವರನ್ನು ನೋಡಿ ಹಾರುತ್ತಾರೆ ಎಂಬ ದೂರೂ ನಿಜ. ಹಾಗಿದ್ದರೆ ಹಾರುವ ಬದಲು ಕೈ ಎತ್ತಲು ಹೇಳಿ, ಕಣ್ಣು ಮುಚ್ಚಿಸಿ ಆಡಿಸಬಹುದು. ಕಣ್ಣು ತೆರೆದಾಗ ಸರಿಯಾಗಿ ಆಡಿ, ಮುಚ್ಚಿದಾಗ ಪದೇ ಪದೇ ತಪ್ಪುವ ಮಗುವನ್ನು ಗದರುವ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಶೀತದ ಬಳಿಕ ಮಧ್ಯಕಿವಿಯಲ್ಲಿ ದ್ರವ ನಿಂತು ಕಿವಿ ಮಂದವಾಗುವುದು ಎಳೆಯರಲ್ಲಿ ಸಾಮಾನ್ಯ. ಕೈ ಕಟ್ಟಿ ಕುಳಿತ ತರಗತಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.